ಆ ಇಪ್ಪತ್ತನಾಲ್ಕು ಅರ್ಜಿಗಳು



ಅಂಕಲಿಯಂಥ ಊರಿನಲ್ಲಿ ಬಾಗಿಲಿಗೆ ಬಂದವರನ್ನು ‘ಯಾರ ಮನೆಯವರು?’ ಎಂದು ಕೇಳಿದರೆ ಗುರುತು ಸಿಕ್ಕಿಬಿಡುತ್ತದೆ. ಆನ್‌ಲೈನ್ ಅರ್ಜಿಗೆ ಮುಖವಿಲ್ಲ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಅದನ್ನು ತುಂಬಬಹುದು.

ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೀಗೆಯೇ ಆಯಿತು. 2023ರ ವಿಧಾನಸಭಾ ಚುನಾವಣೆಗೆ ಕೆಲವೇ ತಿಂಗಳಿದ್ದಾಗ, ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಇಷ್ಟೊಂದು ಅರ್ಜಿ ಕಂಡು ಅಧಿಕಾರಿಗಳಿಗೆ ಸಂಶಯ ಬಂತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಂತೂ ಇಡೀ ಕಟ್ಟನ್ನೇ ಬುಟ್ಟಿಗೆ ಎಸೆಯುತ್ತಿದ್ದೆನೇನೋ. ಅವರು ಎಸೆಯಲಿಲ್ಲ. ಮತಗಟ್ಟೆ ಮಟ್ಟದ ಸಿಬ್ಬಂದಿಯಿಂದ ಒಂದೊಂದನ್ನೂ ಪರಿಶೀಲಿಸಿದರು. 5,994 ಅರ್ಜಿಗಳು ತಪ್ಪೆಂದು ತಿರಸ್ಕೃತವಾದವು. 24 ಮಾತ್ರ ನಿಜವಾಗಿದ್ದವು, ಅವನ್ನು ಒಪ್ಪಿಕೊಂಡರು. 2023ರ ಫೆಬ್ರುವರಿಯಲ್ಲಿ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು.

ಎಲ್ಲವನ್ನೂ ಕಣ್ಣುಮುಚ್ಚಿ ಒಪ್ಪಿದ್ದರೆ ಸಾವಿರಾರು ಜನ ಮತಗಟ್ಟೆಯಿಂದ ಮತ ಹಾಕದೆ ಮರಳುತ್ತಿದ್ದರು. ಆ ಅನ್ಯಾಯ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಆದರೆ ನನ್ನ ಮನಸ್ಸು ನಿಲ್ಲುವುದು ಆ ಇಪ್ಪತ್ತನಾಲ್ಕರ ಮೇಲೆ. ಮನೆಯಲ್ಲಿ ತೀರಿಕೊಂಡವರ, ಊರು ಬಿಟ್ಟುಹೋದವರ ಹೆಸರು ತೆಗೆಸಲು ಜನ ಸಲ್ಲಿಸುವುದೂ ಇದೇ ಅರ್ಜಿಯನ್ನು. ಮೋಸಗಾರರ ಕಟ್ಟಿನೊಳಗೆ ಅಂಥ ಪ್ರಾಮಾಣಿಕರ ಕಾಗದವೂ ಸಿಕ್ಕಿಕೊಂಡಿತ್ತು. ಎಸೆದಿದ್ದರೆ ಕೇಳುವವರು ಯಾರು? ಇಪ್ಪತ್ತನಾಲ್ಕು ಜನರ ಕೂಗು ಎಷ್ಟು ದೂರ ಹೋದೀತು?

ನಿಮ್ಮ ಸಂಘಕ್ಕೂ ಸುಳ್ಳು ಹೆಸರಿನವರು ಇಬ್ಬರು ಬಂದು ಹೋಗಿರಬಹುದು. ಮೂರನೆಯವರ ಅರ್ಜಿ ಈಗ ನಿಮ್ಮ ಮೇಜಿನ ಮೇಲಿದೆ. ಹರಿಯುವ ಮೊದಲು, ‘ಯಾರ ಮನೆಯವರು?’ ಎಂದು ಕೇಳಿದಿರಾ?