ಈಚಲು ಮರದ ಕೆಳಗಿನ ಮಜ್ಜಿಗೆ

ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ. ಕೂರುವ ಜಾಗ ನೋಡಿ ಕೂರು ಎಂದು ಹಿರಿಯರು ಮಕ್ಕಳಿಗೆ ಹೇಳುವ ಮಾತು. ಬುದ್ಧಿ ಹೇಳಿಸಿಕೊಳ್ಳುವವನು ಕುಡಿಯುವವನೊಬ್ಬನೇ. ದೂರದಿಂದಲೇ, ಲೋಟದೊಳಗೆ ಇಣುಕದೆ ತೀರ್ಪು ಕೊಟ್ಟವನನ್ನು ಗಾದೆ ಏನೂ ಕೇಳುವುದಿಲ್ಲ. ಬೇರೆ ನೆರಳೇ ಇಲ್ಲದವನು ಎದ್ದು ಎಲ್ಲಿಗೆ ಹೋಗಬೇಕು ಎಂಬುದನ್ನೂ ಹೇಳುವುದಿಲ್ಲ.

1871ರಲ್ಲಿ ಬ್ರಿಟಿಷ್ ಸರ್ಕಾರ ಲೋಟದೊಳಗೆ ಇಣುಕದ ಈ ತೀರ್ಪನ್ನೇ ಕಾನೂನು ಮಾಡಿತು. ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಇಡೀ ಸಮುದಾಯವನ್ನೇ ಕಳ್ಳರೆಂದು ಘೋಷಿಸಬಹುದಿತ್ತು. ಉತ್ತರ ಭಾರತದಲ್ಲಿ ಶುರುವಾದದ್ದು 1911ರ ಹೊಸ ಕಾಯ್ದೆಯೊಂದಿಗೆ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಅಲ್ಲಿನ ಕೊರವರು ಹೇರೆತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ಸಾಗಿಸಿ ಮಾರುತ್ತಿದ್ದವರು. ರೈಲು ಬಂತು, ಸರ್ಕಾರದ ಉಪ್ಪಿನ ನೀತಿಯೂ ಬದಲಾಯಿತು, ವ್ಯಾಪಾರ ಮುರಿದುಬಿತ್ತು. ನೆಲೆಯಿಲ್ಲದೆ ಅಲೆಯುವವರು ಪೊಲೀಸರ ಕಣ್ಣಿಗೆ ಕಳ್ಳರಾಗಲು ಇನ್ನೇನು ಬೇಕು? ಹೆಸರು ಬರೆಸು, ಬೆರಳಚ್ಚು ಕೊಡು, ಹಾಜರಿ ಹಾಕು, ಊರು ದಾಟಲು ಪಾಸು ತಾ. ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲೂ ಇಂಥ ಸಮುದಾಯಗಳನ್ನು ಕಾವಲಿನಲ್ಲಿಡುವ ಸೆಟ್ಲಮೆಂಟುಗಳಾದವು.

ಹೀಗೆ ದೂಡಿದರೆ ಮನುಷ್ಯ ರಾಕ್ಷಸನಾಗುತ್ತಾನೆಯೇ? ಆಗುತ್ತಾನೆ ಎಂಬ ಉತ್ತರದಲ್ಲಿ ಕರುಣೆಯಿದೆ, ಆದರೂ ನನಗೆ ಅದರ ಮೇಲೆ ಗುಮಾನಿ. ಇವರು ಹುಟ್ಟುಗಳ್ಳರು ಎಂದಿತು ಸರ್ಕಾರ. ಪಾಪ, ನಾವೇ ಇವರನ್ನು ಕಳ್ಳರನ್ನಾಗಿ ಮಾಡಿದೆವು ಅನ್ನುತ್ತಾರೆ ಮರುಗುವವರು. ಕುಡಿದದ್ದು ಹೆಂಡವೇ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ! ಕೆಲವರು ಕದ್ದರು, ಸುಳ್ಳಲ್ಲ. ಕೂಲಿಗೂ ಕರೆಯದ ಊರಿನಲ್ಲಿ ಹಸಿವು ಅವರನ್ನು ಕಳವಿಗೆ ತಂದಿರಬಹುದು, ಸಿಟ್ಟೂ ತಂದಿರಬಹುದು. ಆದರೆ ಬುಟ್ಟಿ ಹೆಣೆದು, ಕಣಿ ಹೇಳಿ, ಹಂದಿ ಸಾಕಿ ಬದುಕಿದವರೂ ಅದೇ ಸಮುದಾಯದವರು, ಅದೇ ಕಾಯ್ದೆಯ ನೆರಳಲ್ಲಿದ್ದವರು. ಬಹಿಷ್ಕಾರ ರಾಕ್ಷಸರನ್ನು ಹುಟ್ಟಿಸುತ್ತದೆ ಎಂಬ ಸಿದ್ಧಾಂತದಲ್ಲಿ ಇವರಿಗೆ ಜಾಗವೇ ಇಲ್ಲ. ಕಳ್ಳನೆಂಬ ಹೆಸರು ಹೊತ್ತೂ ಕದಿಯದೆ ಬಾಳಿದವರ ಕತೆಯನ್ನು ಯಾವ ಠಾಣೆಯ ದಫ್ತರ ತಾನೇ ಬರೆದಿಟ್ಟೀತು?

ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು, ಈ ಜನ ‘ವಿಮುಕ್ತ’ರಾದರು. ಕಳ್ಳರೆಂಬ ಹೆಸರು ಮಾತ್ರ ಅಳಿಯಲಿಲ್ಲ. ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂಬಂತೆ ಕಾಣುವ ನಿಯಮಗಳು ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಉಳಿದೇ ಇದ್ದವು. ಅವು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ.