ದೀಪಕ್ಕೆ ಎಣ್ಣೆ ಯಾರು ಹಾಕ್ತಾರೆ?

ಬಲಿಪಾಡ್ಯಮಿ ರಾತ್ರಿ ಹೊಸನಗರದ ಕಡೆಯ ನಮ್ಮೂರಲ್ಲಿ ಅಂಟಿಗೆ ಪಂಟಿಗೆಯವರು ಬಂದರು. ಅವರ ಕೈಯಲ್ಲಿ ದೀಪ, ಬಾಯಲ್ಲಿ ಬಾಗಿಲು ತೆಗೆಸುವ ಪದ. ನಾನು ಓಡಿಹೋಗಿ ಮೊಬೈಲ್ ಹಿಡಿದೆ. ಪೂರ್ತಿ ರೆಕಾರ್ಡ್ ಆಯ್ತು ಅಂತ ಖುಷಿಯಲ್ಲಿ ತಿರುಗಿದರೆ ಹಿಂದೆ ಅಜ್ಜಿ ನಿಂತಿದ್ದಳು. "ಪದ ಕೇಳಿದ್ದಾಯ್ತಲ್ಲ, ದೀಪಕ್ಕೆ ಎಣ್ಣೆ ಯಾರು ಹಾಕ್ತಾರೋ ಮಾರಾಯ?"

ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಇದರ ಲೆಕ್ಕ ಗೊತ್ತು. ರಾತ್ರಿಯಿಡೀ ಊರೂರು ಸುತ್ತುವ ಆ ದೀಪ ಆರಬಾರದು. ಪದ ಕೇಳಿದ ಮನೆ ಎಣ್ಣೆ ಎರೆಯಬೇಕು, ಅಕ್ಕಿಯೋ ಕಾಸೋ ಕೊಡಬೇಕು. ಅಂದರೆ ಪದ ಪುಕ್ಕಟೆ ಅಲ್ಲ, ಕೇಳಿದವನ ಮೇಲೆ ಒಂದು ಋಣ ಹೊರಿಸಿಯೇ ಅದು ಮುಂದಿನ ಮನೆಗೆ ಹೋಗುತ್ತದೆ.

ಹಾಗಾದರೆ ಪದ ಸಂಗ್ರಹಿಸುವವರ ಋಣ?

ಕನ್ನಡದಲ್ಲಿ ಈ ಕೆಲಸದ ಆರಂಭವೇ ವಿಚಿತ್ರ. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ನಮ್ಮ ಲಾವಣಿಗಳನ್ನು ಅಚ್ಚು ಹಾಕಿಸಿದ. ಅದರಲ್ಲಿ ಸಂಗೊಳ್ಳಿ ರಾಯಣ್ಣನದೂ ಇತ್ತು. ಗಲ್ಲಿಗೇರಿಸಿದ ಸರ್ಕಾರದ ನೌಕರನೇ ಗಲ್ಲಿಗೇರಿದವನ ಪದ ಉಳಿಸಿದ! ಆಮೇಲೆ 1931ರಲ್ಲಿ ಹಲಸಂಗಿ ಗೆಳೆಯರ 'ಗರತಿಯ ಹಾಡು' ಬಂತು. ಮಧುರಚೆನ್ನ, ಸಿಂಪಿ ಲಿಂಗಣ್ಣ ಅಂತ ಹೆಸರು ಹೇಳ್ತೀವಿ. ಹಾಡಿದ ಗರತಿಯರಲ್ಲಿ ಒಬ್ಬಳ ಹೆಸರು ಹೇಳಿ ನೋಡೋಣ?

ಸಂಗ್ರಹವೇ ತಪ್ಪು ಅಂತಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು, ಬೀಸುವ ಪದವೂ ಅದರ ಜೊತೆ ಹೋಯಿತು. ಪುಸ್ತಕ ಇಲ್ಲದಿದ್ದರೆ ಅಷ್ಟೂ ಸಿಗ್ತಿರಲಿಲ್ಲ. ಆದರೆ ಉಳಿಸಿದೆ ಅನ್ನುವ ಹೆಮ್ಮೆ ಪಡೆದದ್ದನ್ನು ಮರೆಸಬಾರದು.

ಹಂಗೇರಿಯ ಬೇಲಾ ಬಾರ್ಟೋಕ್ 1904ರಲ್ಲಿ ಮನೆಗೆಲಸದ ಹುಡುಗಿಯೊಬ್ಬಳ ಹಾಡು ಕೇಳಿ ಬೆರಗಾದ. ಮುಂದೆ ಕೊಡಾಯ್ ಜೊತೆ ಫೋನೋಗ್ರಾಫ್ ಹೊತ್ತು ಹಳ್ಳಿ ತಿರುಗಿದ. ಹಾಡಿನ ಜೊತೆ ಊರು, ದಿನ, ಹಾಡಿದವರ ಹೆಸರು, ವಯಸ್ಸು ಬರೆದಿಡುತ್ತಿದ್ದ. ಆ ಹುಡುಗಿ ಲಿಡಿ ಡೋಶಾ ಅಂತ ನಮಗೆ ಇವತ್ತಿಗೂ ಗೊತ್ತು.

ಹೆಸರು ಬರೆದರೆ ಋಣ ತೀರಿತಾ? ಇಲ್ಲ. ಆದರೂ ಅದೊಂದು ಚಮಚ ಎಣ್ಣೆ. ಹಾಕುವ ಮುಂಚೆ ಕೇಳುವುದು ಇನ್ನೊಂದು ಚಮಚ, ದುಡ್ಡು ಬಂದರೆ ಹಂಚುವುದು ಮತ್ತೊಂದು. ನಮ್ಮ ಫೋನಲ್ಲಿ ಎಷ್ಟೋ ಪದಗಳಿವೆ, 'ಮಲೆನಾಡಿನ ಸೊಗಡು' ಅಂತ ಹಾಕಿ ಲೈಕ್ ಎಣಿಸಿದ್ದೂ ಆಗಿದೆ. ಹಾಡಿದವರಿಗೆ ಒಂದು ಪ್ರತಿಯನ್ನಾದರೂ ಕಳಿಸಿದ್ದೀವಾ?

ಆ ರಾತ್ರಿ ಎಣ್ಣೆ ಎರೆದವಳು ಅಜ್ಜಿ. ನನ್ನ ವಿಡಿಯೋದಲ್ಲಿ ಅವಳ ಕೈ ಕೂಡ ಇಲ್ಲ, ಅಷ್ಟರಲ್ಲಿ ನಾನು ರೆಕಾರ್ಡಿಂಗ್ ನಿಲ್ಲಿಸಿಬಿಟ್ಟಿದ್ದೆ.