ಐದು ಒಣ ಸುರಂಗಗಳು ಕಲಿಸುವ ಪಾಠ

ಮುರಕಲ್ಲಿನ ಗುಡ್ಡದ ಒಡಲೊಳಗೆ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕುಳಿತಿದ್ದಾನೆ. ಎರಡೂ ಮೊಣಕೈ ಚಾಚಿದರೆ ಗೋಡೆಗೆ ತಾಗುತ್ತದೆ, ಅಷ್ಟೇ ಅಗಲ. ಪಕ್ಕದಲ್ಲೊಂದು ದೀಪ. ಪಿಕಾಸಿಯ ಒಂದೊಂದು ಏಟಿಗೂ ಹಿಡಿಯಷ್ಟು ಮಣ್ಣು ಉದುರುತ್ತದೆ. ಬುಟ್ಟಿ ತುಂಬಿದರೆ ಅದನ್ನು ಹೊರಗೆ ಒಯ್ದು ಸುರಿಯುವುದಕ್ಕೂ ಬೇರೆ ಆಳಿಲ್ಲ. ಅಗೆಯುವವನೂ ಅವನೇ, ಹೊರುವವನೂ ಅವನೇ. ಹೊರಗೆ ಊರು ಊಟ ಮುಗಿಸಿ ಮಲಗುವ ಹೊತ್ತು. ಬೆಳಗಿನಿಂದ ಬೇರೆಯವರ ತೋಟದಲ್ಲಿ ಅಡಿಕೆ, ತೆಂಗಿನ ಮರಗಳನ್ನು ಹತ್ತಿ ಇಳಿದು ದಣಿದ ಮೈ ಅದು.

ಆ ಮನುಷ್ಯನ ಹೆಸರು ಅಮೈ ಮಹಾಲಿಂಗ ನಾಯ್ಕ. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕ ಸಮೀಪದವರು. 1978ರ ಸುಮಾರಿಗೆ, ಅವರು ದುಡಿಯುತ್ತಿದ್ದ ತೋಟದ ಯಜಮಾನರು ಅವರಿಗೆ ಎರಡು ಎಕರೆ ಜಾಗ ಕೊಟ್ಟರು. ಜಾಗವೇನೋ ಸಿಕ್ಕಿತು, ಆದರೆ ಅದು ಬೋಳು ಗುಡ್ಡದ ಇಳಿಜಾರು. ಒಂದು ಕೊಡ ನೀರಿನ ಆಸರೆಯೂ ಅಲ್ಲಿರಲಿಲ್ಲ. ಬಾವಿ ತೋಡಿಸಲು ಕೈಯಲ್ಲಿ ಕಾಸಿಲ್ಲ. ಪಂಪು, ಕರೆಂಟು ದೂರದ ಮಾತು. ಅವರ ಬಳಿ ಇದ್ದದ್ದು ಎರಡು ಕೈ, ಒಂದು ಪಿಕಾಸಿ ಮತ್ತು ಆ ಸೀಮೆಯ ಹಿರಿಯರು ಬಿಟ್ಟುಹೋದ ಒಂದು ತಿಳಿವಳಿಕೆ.

ಕಾಸರಗೋಡು, ಪುತ್ತೂರು, ಬಂಟ್ವಾಳದ ಗುಡ್ಡಗಾಡಿನವರಿಗೆ ಸುರಂಗ ಹೊಸದಲ್ಲ. ಗುಡ್ಡದ ಬದಿಯಿಂದ ಒಳಕ್ಕೆ, ಒಬ್ಬ ಆಳು ನುಸುಳುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಮಳೆಗಾಲದಲ್ಲಿ ಮುರಕಲ್ಲಿನ ಗುಡ್ಡ ಕುಡಿದ ನೀರು ಒಳಗೆ ಎಲ್ಲೋ ಗಟ್ಟಿ ಪದರದ ಮೇಲೆ ನಿಂತಿರುತ್ತದೆ. ಸುರಂಗ ಅಲ್ಲಿಗೆ ತಲುಪಿದರೆ ಗೋಡೆ ಬೆವರುತ್ತದೆ, ಆಮೇಲೆ ಜಿನುಗುತ್ತದೆ, ಕೊನೆಗೆ ಸಣ್ಣ ಧಾರೆಯಾಗಿ ಬಾಯಿಯತ್ತ ಹರಿದು ಬರುತ್ತದೆ. ನೆಲವನ್ನು ಹೊರಮುಖವಾಗಿ ತುಸು ಇಳಿಜಾರು ಮಾಡಿದ್ದರೆ ಸಾಕು, ಮೇಲೆತ್ತುವ ಯಂತ್ರದ ಹಂಗಿಲ್ಲದೆ ನೀರು ತಾನಾಗಿ ತೋಟಕ್ಕೆ ಇಳಿಯುತ್ತದೆ.

ನಾಯ್ಕರು ಮೊದಲ ಸುರಂಗ ಅಗೆದರು. ನೀರು ಬರಲಿಲ್ಲ. ಎರಡನೆಯದು ತೋಡಿದರು, ಒಣಗಿತ್ತು. ಮೂರು, ನಾಲ್ಕು, ಐದು. ವರ್ಷಗಳು ಉರುಳಿದವು. ನೋಡಿದವರು ವ್ಯರ್ಥ ದುಡಿಮೆ ಎಂದರು. ಐದು ಸುರಂಗಗಳು ಬರಿದಾದ ಮೇಲೂ ಅವರು ಪಿಕಾಸಿ ಕೆಳಗಿಡಲಿಲ್ಲ. ಮತ್ತೆ ಅಗೆದರು. ಈ ಸಲ ಮಣ್ಣು ಒದ್ದೆಯಾಗಿತ್ತು.

ಆ ನೀರಿನಿಂದ ಬೋಳು ಗುಡ್ಡದಲ್ಲಿ ತೋಟ ಎದ್ದಿತು. ಇಳಿಜಾರನ್ನು ತಾವೇ ಮೆಟ್ಟಿಲು ಮೆಟ್ಟಿಲಾಗಿ ಸಮ ಮಾಡಿ, ಕಲ್ಲು ಕಟ್ಟಿ, ಸುಮಾರು 300 ಅಡಿಕೆ, 75 ತೆಂಗು, ಜೊತೆಗೆ ಬಾಳೆ, ಗೇರು, ಕಾಳುಮೆಣಸು ಬೆಳೆಸಿದರು. 2022ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಘೋಷಿಸಿತು.

ಛಲ ಬೇರೆ, ಹಟಮಾರಿತನ ಬೇರೆ

ಈ ಕಥೆ ಕೇಳಿದವರೆಲ್ಲ "ಅಬ್ಬಾ, ಎಂಥ ಛಲ!" ಎನ್ನುತ್ತಾರೆ. ನನಗೂ ಮೊದಲು ಕಂಡದ್ದು ಅದೇ. ಆದರೆ ಮತ್ತೆ ಮತ್ತೆ ಯೋಚಿಸಿದಾಗ ಇನ್ನೊಂದು ಸಂಗತಿ ಹೊಳೆಯಿತು. ನೀರಿಲ್ಲದ ಮೊದಲನೆಯ ಸುರಂಗವನ್ನೇ ಅವರು ಬಾಳಿಡೀ ಅಗೆಯುತ್ತ ಹೋಗಿದ್ದರೆ? ಅದೂ ದುಡಿಮೆಯೇ, ಅಲ್ಲೂ ಬೆವರು ಸುರಿಯುತ್ತಿತ್ತು. ಆದರೆ ತೋಟ ಏಳುತ್ತಿರಲಿಲ್ಲ.

ನೀರು ಬೇಕೆಂಬ ಗುರಿಯನ್ನು ಅವರು ಸಡಿಲಿಸಲಿಲ್ಲ, ನೀರಿನ ದಾರಿಯನ್ನು ಮಾತ್ರ ಪ್ರತಿ ಸಲವೂ ಬದಲಿಸಿದರು. ಛಲಕ್ಕೂ ಹಟಮಾರಿತನಕ್ಕೂ ಇರುವ ಅಂತರ ಇಷ್ಟೇ. ಹಟಮಾರಿಗೆ ಸೋಲು ಅವಮಾನವಾಗಿ ಕಾಣುತ್ತದೆ, ಹಾಗಾಗಿ ಅವನು ಅದನ್ನು ಒಪ್ಪಿಕೊಳ್ಳುವುದಿಲ್ಲ. ಛಲವಂತ ಸೋತದ್ದನ್ನು ಸುದ್ದಿಯಂತೆ ಓದಿಕೊಂಡು, ಇಲ್ಲಿಲ್ಲವಾದರೆ ಇನ್ನೆಲ್ಲಿ ಎಂದು ಕೇಳುತ್ತಾನೆ. ಆ ಪ್ರಶ್ನೆ ಹುಟ್ಟಿದ ಕಡೆಯೇ ಹೊಸ ಆವಿಷ್ಕಾರವೂ ಹುಟ್ಟುತ್ತದೆ.

ಆವಿಷ್ಕಾರ ಎಂದ ಕೂಡಲೇ ನಮಗೆ ಪ್ರಯೋಗಶಾಲೆ, ದೊಡ್ಡ ಪದವಿ, ಕೋಟಿಗಟ್ಟಲೆ ಹಣ ನೆನಪಾಗುತ್ತವೆ. ಆದ್ದರಿಂದಲೇ "ಅದು ನಮ್ಮಂಥವರ ಕೈಲಾಗುವ ಕೆಲಸವಲ್ಲ" ಎಂದು ದೂರ ಸರಿಯುತ್ತೇವೆ. ನಿಜದಲ್ಲಿ, ಇರುವ ತಿಳಿವಳಿಕೆಯನ್ನು ನಮ್ಮ ನೆಲಕ್ಕೆ, ನಮ್ಮ ಕೊರತೆಗೆ ಹೊಂದಿಸಿಕೊಳ್ಳುವುದೂ ಆವಿಷ್ಕಾರವೇ. ಅದಕ್ಕೆ ಬೇಕಾದದ್ದು ದಿನವೂ ತಪ್ಪದ ಒಂದಿಷ್ಟು ಹೊತ್ತು ಮತ್ತು ತಪ್ಪಿನಿಂದ ಕಲಿಯುವ ಮನಸ್ಸು.

ಸುರಂಗ ತೋಡುವವರಲ್ಲಿ ಒಂದು ಕಟ್ಟುನಿಟ್ಟಿದೆ. ಒಳಗೆ ಹಚ್ಚಿಟ್ಟ ದೀಪ ಮಂಕಾಗಿ ಆರತೊಡಗಿದರೆ ಅಲ್ಲಿ ಉಸಿರಾಡುವ ಗಾಳಿ ಕಡಿಮೆಯಾಗಿದೆ ಎಂದು ಅರ್ಥ. ಆಗ ಎಷ್ಟೇ ಹುರುಪಿದ್ದರೂ ಹೊರಗೆ ಬರಬೇಕು. ಈ ಕಟ್ಟುನಿಟ್ಟು ನಮಗೂ ಬೇಕು. ಛಲವೆಂದರೆ ಮೈಮನಸ್ಸನ್ನು ಸುಟ್ಟುಕೊಳ್ಳುವುದು ಎಂದು ಭಾವಿಸಿ ನಿದ್ದೆಗೆಟ್ಟು, ಮನೆಮಂದಿಯನ್ನು ಮರೆತು, ಆರೋಗ್ಯ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ಹೊರಬಂದು ಗಾಳಿ ಕುಡಿದವನೇ ನಾಳೆ ಮತ್ತೆ ಒಳಗೆ ಹೋಗಬಲ್ಲ.

ಹತ್ತರಿಂದ ಆರಂಭ

ಮಾಗಡಿ ತಾಲ್ಲೂಕಿನ ಹುಲಿಕಲ್‌ನ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಹುಲಿಕಲ್ಲಿನಿಂದ ಕುದೂರಿನವರೆಗೆ ಬೆಳೆಸಿದ ಆಲದ ಮರಗಳ ಸಾಲು ನಾಡಿಗೆಲ್ಲ ಗೊತ್ತು. ನಾಲ್ಕೂವರೆ ಕಿಲೋಮೀಟರಿನಷ್ಟು ದೂರ, 385 ಮರಗಳು. ಸಾಲುಮರದ ತಿಮ್ಮಕ್ಕ ಎಂಬ ಹೆಸರು ಬಂದದ್ದೇ ಅದರಿಂದ. 2019ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ 2025ರ ನವೆಂಬರ್‌ನಲ್ಲಿ ನಮ್ಮನ್ನು ಅಗಲಿದರು.

385 ಎಂಬ ಸಂಖ್ಯೆ ನಮ್ಮನ್ನು ಬೆರಗುಗೊಳಿಸುತ್ತದೆ. ನಾನು ಮಾತ್ರ ಹತ್ತು ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಂಡಿದ್ದೇನೆ. ಮೊದಲ ವರ್ಷ ಅವರು ನೆಟ್ಟದ್ದು ಹತ್ತೇ ಸಸಿ. ಮರುವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ಇಬ್ಬರೂ ಕೂಲಿ ಮಾಡಿ ಬದುಕುವವರು. ಬಿಂದಿಗೆಗಳಲ್ಲಿ ನೀರು ಹೊತ್ತು ಕಿಲೋಮೀಟರುಗಟ್ಟಲೆ ನಡೆದು ಸಸಿಗಳಿಗೆ ಎರೆದರು. ದನಕರು ಮೇಯದಂತೆ ಪ್ರತಿ ಸಸಿಗೂ ಮುಳ್ಳಿನ ಬೇಲಿ ಕಟ್ಟಿದರು. ಮಳೆಗಾಲ ನೋಡಿ ನೆಟ್ಟರು, ಇಳಿದು ಬರುವ ಮಳೆಗೂ ಅರ್ಧ ಕೆಲಸ ಹಂಚಿದರು.

ಇಲ್ಲಿ ಅಭ್ಯಾಸದ ಒಂದು ಗುಟ್ಟಿದೆ. ಹೊಸ ವರ್ಷದ ದಿನ ನಾವು ನೂರು ಸಸಿ ನೆಡುವ ಸಂಕಲ್ಪ ಮಾಡುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ, ಏಪ್ರಿಲ್ ಬಿಸಿಲಿಗೆ ನೂರೂ ಒಣಗುತ್ತವೆ. ನೋಡಿಕೊಳ್ಳಲು ಆಗುವಷ್ಟನ್ನೇ ನೆಟ್ಟು, ಅದು ಬೇರೂರಿದ ಮೇಲೆ ಐದು ಹೆಚ್ಚಿಸುವುದು ಆ ದಂಪತಿಯ ಕ್ರಮ. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು, ಅವರು ಬಿಂದಿಗೆ ಹಿಡಿದು ಮಾಡಿ ತೋರಿಸಿದರು.

ಅಳೆದವನಿಗೆ ಉಳಿತಾಯ

ಬೋಳು ಗುಡ್ಡವಾಗಲಿ, ರಸ್ತೆ ಬದಿಯಾಗಲಿ ಎಲ್ಲರಿಗೂ ಇಲ್ಲ. ನಮ್ಮಲ್ಲಿ ಬಹಳಷ್ಟು ಜನರ ಪ್ರಪಂಚ ಒಂದು ತಾರಸಿ, ಒಂದು ಸಂಪು, ಒಂದು ನಲ್ಲಿ. ಅಂಥವರಿಗೆ ಬೆಂಗಳೂರಿನ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಮನೆ ಪಾಠಶಾಲೆಯಿದ್ದಂತೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಅವರು 1990ರ ದಶಕದ ಮಧ್ಯದಲ್ಲಿ ವಿಜಯನಗರದಲ್ಲಿ ಮನೆ ಕಟ್ಟಿಸಿದರು. ನೀರಿನ ಮಂಡಳಿಯ ಸಂಪರ್ಕವಿಲ್ಲದೆ, ಮಳೆನೀರನ್ನೇ ನಂಬಿ ದಶಕಗಳಿಂದ ಆ ಕುಟುಂಬ ಬದುಕಿದೆ.

ಅವರು ಮೊದಲು ಮಾಡಿದ ಕೆಲಸ ಪೈಪು ಹಾಕಿಸುವುದಲ್ಲ, ಲೆಕ್ಕ ಹಾಕುವುದು. ಮನೆಗೆ ದಿನಕ್ಕೆ ಬೇಕಾಗುವ ನೀರು ಸುಮಾರು 400 ಲೀಟರ್ ಎಂದು ಕಂಡುಕೊಂಡರು. ಊರಿನ ಹಳೆಯ ಮಳೆ ದಾಖಲೆಗಳನ್ನು ತಿರುವಿ, ಎರಡು ಒಳ್ಳೆಯ ಮಳೆಗಳ ನಡುವೆ ಹೆಚ್ಚೆಂದರೆ ನೂರು ದಿನಗಳ ಅಂತರ ಎಂದು ತಿಳಿದುಕೊಂಡರು. ನೂರು ದಿನಕ್ಕೆ 40,000 ಲೀಟರ್. ಅಷ್ಟು ಕೂಡಿಟ್ಟರೆ ಚಿಂತೆಯಿಲ್ಲ ಎಂದು ಅದಕ್ಕೆ ತಕ್ಕಂತೆ ತೊಟ್ಟಿಗಳನ್ನು ಕಟ್ಟಿದರು. ಭಯ ಹುಟ್ಟಿಸುತ್ತಿದ್ದ "ನೀರಿನ ಸಮಸ್ಯೆ" ಒಂದು ಹಾಳೆಯ ಲೆಕ್ಕವಾಗಿ ಕರಗಿತು.

ಈ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ತಾರಸಿ, ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ 80,000 ಲೀಟರ್. ಅಷ್ಟನ್ನು ನಾವು ಪೈಪಿನ ಮೂಲಕ ರಸ್ತೆಯ ಚರಂಡಿಗೆ ಬಿಡುತ್ತೇವೆ, ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡುತ್ತೇವೆ.

ಶಿವಕುಮಾರ್ ಅವರ ಕಥೆ ಓದಿದ ಹುಮ್ಮಸ್ಸಿನಲ್ಲಿ ನಾನೂ ನಮ್ಮ ಮನೆಯ ತಾರಸಿ ನೀರನ್ನು ಸಂಪಿಗೆ ಇಳಿಸಲು ಹೊರಟೆ. ಪ್ಲಂಬರ್ ಕರೆಸಿ ಪೈಪು ಜೋಡಿಸಿ, ಬಾಯಿಗೆ ಜಾಲರಿ ಕಟ್ಟಿದ್ದಾಯಿತು. ಮೇ ತಿಂಗಳ ಮೊದಲ ಗುಡುಗು ಮಳೆ ಬಂದ ಸಂಜೆ ತಾರಸಿಯ ಮೇಲಿದ್ದ ಹೊಂಗೆ ಎಲೆ, ದೂಳು, ಹಕ್ಕಿ ಹಿಕ್ಕೆಯೆಲ್ಲ ಜಾಲರಿಗೆ ಮೆತ್ತಿಕೊಂಡವು. ನೀರು ಉಕ್ಕಿ ಪಕ್ಕದ ಮನೆಯ ಅಂಗಳಕ್ಕೆ ಹರಿಯಿತು. ಅಲ್ಲಿನ ಅಜ್ಜಿ ಆಗಷ್ಟೇ ಸಾರಿಸಿ ರಂಗೋಲಿ ಇಟ್ಟಿದ್ದರು.

"ಏನಮ್ಮಾ, ಮೊದಲ ಮಳೆ ನೀರು ಯಾರಾದ್ರೂ ಹಿಡೀತಾರಾ? ಸೂರು ತೊಳೆಯೋಕೆ ಬಿಡಬೇಕು ಅದನ್ನ. ನಮ್ಮಮ್ಮ ಎರಡು ಮಳೆ ಹೋಗೋವರೆಗೂ ಸೂರಿನ ಕೆಳಗೆ ಹಂಡೆ ಇಡ್ತಿರಲಿಲ್ಲ" ಎಂದರು.

ನಾಚಿಕೆಯಾಯಿತು, ಆದರೆ ಅವರು ಹೇಳಿದ್ದು ಚಿನ್ನದಂಥ ಮಾತು. ಆ ವಾರವೇ ಪೈಪಿಗೆ ಒಂದು ಕವಲು, ಅದಕ್ಕೊಂದು ಬಿರಡೆ ಹಾಕಿಸಿದೆ. ಮೊದಲ ಮಳೆಗಳ ನೀರು ಕವಲಿನಿಂದ ಗಿಡಗಳ ಪಾತಿಗೆ ಹೋಗುತ್ತದೆ, ತಾರಸಿ ತೊಳೆದ ಮೇಲೆ ಬಿರಡೆ ಮುಚ್ಚಿದರೆ ತಿಳಿನೀರು ಸಂಪಿಗೆ. ಜಾಲರಿಯನ್ನು ಚಪ್ಪಟೆಯಾಗಿ ಕಟ್ಟುವ ಬದಲು ಓರೆಯಾಗಿ ಇಟ್ಟೆ, ಎಲೆಗಳು ತಾವಾಗಿ ಜಾರಿ ಬೀಳತೊಡಗಿದವು. ಅಜ್ಜಿಯ ಅಮ್ಮನ ಹಂಡೆಯ ಬುದ್ಧಿ ನಮ್ಮ ಪ್ಲಾಸ್ಟಿಕ್ ಪೈಪಿಗೆ ಬಂದು ಸೇರಿತು. ಆ ಉಕ್ಕಿದ ಸಂಜೆ ನನ್ನ ಪಾಲಿನ ಒಣ ಸುರಂಗ. ಅದಿಲ್ಲದಿದ್ದರೆ ಅಜ್ಜಿಯ ಮಾತು ನನಗೆ ಸಿಗುತ್ತಲೇ ಇರಲಿಲ್ಲ.

ನಾವು ರೂಢಿಸಿಕೊಳ್ಳಬಹುದಾದ ನಡೆ

ಈ ಬದುಕುಗಳಿಂದ ನನ್ನ ದಿನಚರಿಗೆ ನಾನು ತಂದುಕೊಂಡ ಕೆಲವು ಅಭ್ಯಾಸಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಹೊತ್ತು ಕಟ್ಟುವುದು. ನಾಯ್ಕರು ಕೂಲಿ ಬಿಟ್ಟು ಸುರಂಗ ತೋಡಲಿಲ್ಲ. ಸಂಸಾರ ನಡೆಯಬೇಕಿತ್ತು. ಕೂಲಿ ಮುಗಿದ ಮೇಲಿನ ಹೊತ್ತನ್ನು ಸುರಂಗಕ್ಕೆ ಮೀಸಲಿಟ್ಟರು. "ಸಮಯ ಸಿಕ್ಕಾಗ ಮಾಡುತ್ತೇನೆ" ಎನ್ನುವ ಕೆಲಸಕ್ಕೆ ಸಮಯ ಎಂದೂ ಸಿಗುವುದಿಲ್ಲ. ದಿನಕ್ಕೆ ಮುಕ್ಕಾಲು ಗಂಟೆಯಾದರೂ ಸರಿ, ಅದಕ್ಕೊಂದು ಜಾಗ ಗೊತ್ತುಮಾಡಬೇಕು.

ಎರಡನೆಯದು, ಅಳೆಯುವುದು. ನೀರಾಗಲಿ, ಕರೆಂಟಾಗಲಿ, ಮನೆಯ ಕಸವಾಗಲಿ, ಬದಲಿಸಬೇಕೆಂದಿರುವುದನ್ನು ಒಂದು ವಾರ ಸುಮ್ಮನೆ ಬರೆದಿಡಿ. ನಾನು ಹೀಗೆ ಬರೆದಾಗಲೇ ನಮ್ಮ ಮನೆಯ ನೀರು ಶುದ್ಧ ಮಾಡುವ ಯಂತ್ರ ಹೊರಚೆಲ್ಲುವ ನೀರಿನಿಂದ ದಿನವೂ ನೆಲ ಒರೆಸಬಹುದು ಎಂದು ತಿಳಿದದ್ದು. ಅದಕ್ಕೆ ಬೇಕಾದದ್ದು ಒಂದು ಬಕೆಟ್ ಅಷ್ಟೇ.

ಮೂರನೆಯದು, ಸೋಲನ್ನು ಬರೆದಿಡುವುದು. ಏನು ಮಾಡಿದೆ, ಏನಾಯಿತು, ಮುಂದಿನ ಸಲ ಯಾವ ಒಂದನ್ನು ಬದಲಿಸುತ್ತೇನೆ. ಮೂರೇ ಸಾಲು ಸಾಕು. ಬರೆದಿಟ್ಟ ಸೋಲು ಮನಸ್ಸನ್ನು ಕೊರೆಯುವುದನ್ನು ನಿಲ್ಲಿಸಿ ಕೈಗೆ ಕೆಲಸ ಕೊಡುತ್ತದೆ.

ನಾಲ್ಕನೆಯದು, ಹಿರಿಯರನ್ನು ಕೇಳುವುದು. ಸುರಂಗದ ವಿದ್ಯೆ ನಾಯ್ಕರಿಗೆ ಪುಸ್ತಕದಿಂದ ಬರಲಿಲ್ಲ. ನಮ್ಮ ಬೀದಿಯಲ್ಲೇ ಬೀಜ ಕಾಪಿಡುವುದು, ಕಾಂಪೋಸ್ಟ್ ಮಾಡುವುದು, ಮಣ್ಣು ಮುಟ್ಟಿ ಅದರ ಹದ ಹೇಳುವುದು ಗೊತ್ತಿರುವವರು ಇರುತ್ತಾರೆ. ಯಾರೂ ಕೇಳದಿರುವುದರಿಂದ ಅವರೂ ಹೇಳುವುದಿಲ್ಲ.

ಪಡೆದದ್ದನ್ನು ಮರಳಿಸುವ ಗುಣ

ಬೋರ್‌ವೆಲ್ ಕೊರೆದವನು ಎಷ್ಟು ಆಳಕ್ಕೆ ಹೋದರೂ ಕೆಳಗಿನ ನೀರನ್ನು ಬಲವಂತವಾಗಿ ಮೇಲೆ ಎಳೆಯಬಹುದು. ಬತ್ತಿದರೆ ಇನ್ನೂ ಆಳಕ್ಕೆ ಇಳಿಯಬಹುದು. ಸುರಂಗ ಹಾಗಲ್ಲ. ಗುಡ್ಡ ಎಷ್ಟು ಮಳೆ ಕುಡಿದಿದೆಯೋ ಅಷ್ಟನ್ನೇ ಅದು ಕೊಡುತ್ತದೆ. ಬೇಸಿಗೆಯಲ್ಲಿ ಧಾರೆ ಸಣ್ಣದಾದರೆ ತೋಟದವನೂ ತನ್ನ ಬಯಕೆಯನ್ನು ಸಣ್ಣದು ಮಾಡಿಕೊಳ್ಳಬೇಕು. ಹೆಚ್ಚು ಬೇಕೆಂದರೆ ಇರುವ ದಾರಿ ಒಂದೇ: ಗುಡ್ಡಕ್ಕೆ ಹೆಚ್ಚು ಕುಡಿಸುವುದು.

ಮಹಾಲಿಂಗ ನಾಯ್ಕರು ಅದನ್ನೂ ಮಾಡಿದರು. ತೋಟ ಹಸಿರಾಗಿ, ಮನೆಯ ತೊಟ್ಟಿ ತುಂಬಿದ ಮೇಲೆ ಅವರು ವಿಶ್ರಾಂತಿ ಪಡೆಯಬಹುದಿತ್ತು. ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಅವರು ಅದೇ ಕೈಗಳಲ್ಲಿ ಗುಡ್ಡ ಹತ್ತಿ ನೂರಾರು ಇಂಗುಗುಂಡಿಗಳನ್ನು ತೋಡಿದರು. ಸುರಿಯುವ ಮಳೆ ಓಡಿಹೋಗದೆ ಅಲ್ಲೇ ನಿಂತು ಮಣ್ಣಿಗೆ ಇಳಿಯಲಿ ಎಂದು. ಅಲ್ಲಿ ಇಂಗಿದ ನೀರೆಲ್ಲ ಅವರ ಸುರಂಗಕ್ಕೇ ಬರಬೇಕೆಂದೇನಿಲ್ಲ. ಕೆಳಗಿನ ಯಾರದೋ ಬಾವಿಗೂ ಹೋಗುತ್ತದೆ, ಯಾವುದೋ ತೊರೆಗೂ ಸೇರುತ್ತದೆ.

ನಮ್ಮ ಬದುಕು ಸುಧಾರಿಸಬೇಕು ಎಂದು ದುಡಿಯುವುದು ತಪ್ಪಲ್ಲ. ಅವರೂ ಸ್ವಂತ ತೋಟಕ್ಕಾಗಿಯೇ ಅಗೆದರು. ನನ್ನ ಪಾಲಿನ ನೀರು ಸಿಕ್ಕ ಮೇಲೆ ಅದು ಬಂದ ಗುಡ್ಡವನ್ನು ನೆನೆದು ಮತ್ತೆ ಮೇಲೆ ಹತ್ತುತ್ತೇನೆಯೇ ಎಂದು ನಾನೀಗ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಈ ಮಳೆಗಾಲಕ್ಕೆ ಮುಂಚೆ, ನಮ್ಮ ಸಂಪು ತುಂಬಿ ಉಕ್ಕುವ ನೀರು ಇಳಿಯಲೆಂದು ಬೇಲಿಯ ಬದಿಯಲ್ಲಿ ಮೂರಡಿ ಆಳದ ಒಂದು ಗುಂಡಿ ತೋಡುತ್ತಿದ್ದೇನೆ. ಅಲ್ಲಿ ಇಂಗುವ ನೀರು ನಮ್ಮ ಬೀದಿಯ ಯಾರ ಬಾವಿಯಲ್ಲಿ ಏಳುತ್ತದೋ, ಅದು ಅವರದ್ದಾಗಲಿ.